ಭೂಮಿಯ ಹೊಟ್ಟೆಯಲ್ಲಿ ದೊಡ್ಡ ಅಯಸ್ಕಾಂತ ಇದೆಯಾ? ತನ್ನ ಸಿದ್ಧಾಂತವನ್ನು ತಾನೇ ಸುಳ್ಳು ಮಾಡಿ ತೋರಿಸಿದ ವಿಜ್ಞಾನಿಯ ಕಥೆ

ಭೂಮಿಯ ಅಯಸ್ಕಾಂತದ ಬಗ್ಗೆ ಮೂರು ಬಗೆಯ ಫಾರ್ವರ್ಡ್‌ಗಳು ಸುತ್ತುತ್ತಲೇ ಇರುತ್ತವೆ. ಉತ್ತರಕ್ಕೆ ತಲೆ ಹಾಕಿ ಮಲಗಿದರೆ ಭೂಮಿಯ ಅಯಸ್ಕಾಂತ ರಕ್ತದಲ್ಲಿರುವ ಕಬ್ಬಿಣವನ್ನು ಮೆದುಳಿಗೆ ಎಳೆಯುತ್ತದೆ ಎನ್ನುವುದು ಒಂದು. ಇನ್ನೇನು ಉತ್ತರ ಧ್ರುವ ದಕ್ಷಿಣ ಧ್ರುವ ಅದಲುಬದಲಾಗಿ ಪ್ರಳಯ ಆಗುತ್ತದೆ ಎನ್ನುವುದು ಇನ್ನೊಂದು. ಭೂಮಿಯ ನಡುವೆ ಒಂದು ದೈತ್ಯ ಅಯಸ್ಕಾಂತ ಇದೆ, ಅದರ ಶಕ್ತಿ ಕಡಿಮೆಯಾಗುತ್ತಿದೆ ಎನ್ನುವುದು ಮತ್ತೊಂದು.

ಮೂರರ ಹಿಂದೆಯೂ ಇರುವುದು ಒಂದೇ ಚಿತ್ರ. ಶಾಲೆಯ ಪುಸ್ತಕದಲ್ಲಿ ನಾವೆಲ್ಲ ನೋಡಿದ್ದೇವೆ: ಗುಂಡನೆಯ ಭೂಮಿ, ಅದರೊಳಗೆ ಅರ್ಧ ಕೆಂಪು ಅರ್ಧ ನೀಲಿ ಬಣ್ಣದ ಒಂದು ದಂಡಕಾಂತ. ದಿಕ್ಸೂಚಿಯ ಮುಳ್ಳು ಯಾಕೆ ಉತ್ತರಕ್ಕೆ ತಿರುಗುತ್ತದೆ ಎಂದು ಮಕ್ಕಳಿಗೆ ವಿವರಿಸಲು ಆ ಚಿತ್ರ ಸಾಕು. ಆದರೆ ಭೂಮಿಯೊಳಗೆ ನಿಜವಾಗಿ ಅಂಥದ್ದೊಂದು ದಂಡ ಇಲ್ಲ, ಇರುವುದೂ ಸಾಧ್ಯವಿಲ್ಲ.

ಹಾಗಾದರೆ ಭೂಮಿಗೆ ಈ ಕಾಂತಶಕ್ತಿ ಎಲ್ಲಿಂದ ಬಂತು? ಈ ಪ್ರಶ್ನೆಯನ್ನು ಹಿಡಿದು ಒಂದು ಭಾರೀ ಸಿದ್ಧಾಂತ ಕಟ್ಟಿ, ಅದನ್ನು ಪರೀಕ್ಷಿಸಲು ತಾನೇ ಒಂದು ಉಪಕರಣ ಮಾಡಿ, ಅದೇ ಉಪಕರಣದಿಂದ ತನ್ನ ಸಿದ್ಧಾಂತವನ್ನು ಸುಳ್ಳೆಂದು ತೋರಿಸಿದವರು ಪ್ಯಾಟ್ರಿಕ್ ಬ್ಲ್ಯಾಕೆಟ್. ಆ ಸೋಲಿನಿಂದ ಉಳಿದ ಉಪಕರಣವೇ ಮುಂದೆ ನಮ್ಮ ಭಾರತ ಒಂದು ಕಾಲದಲ್ಲಿ ಭೂಮಧ್ಯರೇಖೆಯ ಕೆಳಗಿತ್ತು ಎಂದು ಸಾಬೀತು ಮಾಡಲು ನೆರವಾಯಿತು. ಇವತ್ತು ಅವರ ಕಥೆ ಹೇಳುತ್ತೇವೆ.

ಮೊದಲು, ದಂಡಕಾಂತ ಯಾಕೆ ಇರಲು ಸಾಧ್ಯವಿಲ್ಲ?

ಉತ್ತರ ಒಂದೇ ಮಾತಿನಲ್ಲಿದೆ: ಬಿಸಿ.

ಕಬ್ಬಿಣವನ್ನು ಕುಲುಮೆಯಲ್ಲಿ ಚೆನ್ನಾಗಿ ಕಾಯಿಸಿ 770 ಡಿಗ್ರಿ ಸೆಲ್ಸಿಯಸ್ ದಾಟಿಸಿದರೆ ಅದು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಕಬ್ಬಿಣದೊಳಗಿನ ಪರಮಾಣುಗಳು ಒಂದೊಂದೂ ಪುಟಾಣಿ ಅಯಸ್ಕಾಂತಗಳು. ತಣ್ಣಗಿದ್ದಾಗ ಅವು ಮೆರವಣಿಗೆಯ ಸಾಲಿನಂತೆ ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲಬಲ್ಲವು. ಬಿಸಿ ಏರಿದಂತೆ ಅವುಗಳ ಅಲುಗಾಟ ಹೆಚ್ಚಿ, ಒಂದು ಹಂತದಲ್ಲಿ ಸಾಲು ಪೂರ್ತಿ ಚೆದುರಿಹೋಗುತ್ತದೆ. ಈ ಹಂತಕ್ಕೆ ಕ್ಯೂರಿ ತಾಪಮಾನ ಎಂದು ಹೆಸರು. ಫ್ರಾನ್ಸಿನ ಪಿಯರ್ ಕ್ಯೂರಿ 1895ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದಿದ್ದರು.

ಭೂಮಿಯ ಒಡಲಿನ ನಡುಭಾಗದ ಬಿಸಿ ಕೆಲವು ಸಾವಿರ ಡಿಗ್ರಿ. ಅಲ್ಲಿ ಯಾವ ದಂಡಕಾಂತವೂ ಅಯಸ್ಕಾಂತವಾಗಿ ಉಳಿಯುವುದಿಲ್ಲ. ಹಾಗಿದ್ದರೂ ದಿಕ್ಸೂಚಿ ಕೆಲಸ ಮಾಡುತ್ತಿದೆ. 1940ರ ದಶಕದವರೆಗೂ ಈ ಒಗಟಿಗೆ ಎಲ್ಲರೂ ಒಪ್ಪುವ ಉತ್ತರ ಇರಲಿಲ್ಲ.

ಹದಿಹರೆಯದಲ್ಲೇ ಯುದ್ಧನೌಕೆ

ಪ್ಯಾಟ್ರಿಕ್ ಮೇನಾರ್ಡ್ ಸ್ಟುವರ್ಟ್ ಬ್ಲ್ಯಾಕೆಟ್ ಹುಟ್ಟಿದ್ದು 1897ರ ನವೆಂಬರ್ 18ರಂದು, ಲಂಡನ್‌ನಲ್ಲಿ. ತಂದೆ ಷೇರು ದಲ್ಲಾಳಿ. ಹುಡುಗನಿಗೆ ಹಕ್ಕಿ ನೋಡುವ ಹುಚ್ಚು, ಜೊತೆಗೆ ಕೈಯಾರೆ ರೇಡಿಯೋ ಸೆಟ್ ಕಟ್ಟುವ ಹುಚ್ಚು. 1910ರಲ್ಲಿ, ಇನ್ನೂ ಹದಿಮೂರು ತುಂಬುವ ಮೊದಲೇ, ಅವರನ್ನು ನೌಕಾಪಡೆಯ ಶಾಲೆಗೆ ಸೇರಿಸಿದರು.

1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಅವರಿಗೆ ವಯಸ್ಸು ಹದಿನಾರು. ಓದು ಅಲ್ಲಿಗೇ ನಿಲ್ಲಿಸಿ ಹಡಗಿಗೆ ಕಳಿಸಿದರು. ಅದೇ ಡಿಸೆಂಬರ್‌ನಲ್ಲಿ ಫಾಕ್‌ಲ್ಯಾಂಡ್ ದ್ವೀಪಗಳ ಹತ್ತಿರದ ನೌಕಾಯುದ್ಧ ನೋಡಿದರು. 1916ರ ಮೇ ಕೊನೆಯಲ್ಲಿ ನಡೆದ ಜಟ್‌ಲ್ಯಾಂಡ್ ಕದನದಲ್ಲಿ ಅವರು ಬಾರ್‌ಹ್ಯಾಮ್ ಎಂಬ ಯುದ್ಧನೌಕೆಯಲ್ಲಿದ್ದರು. ಆ ನೌಕೆಗೂ ಗುಂಡುಗಳು ಬಡಿದು ಜನ ಸತ್ತರು.

ಯುದ್ಧ ಮುಗಿದ ಮೇಲೆ, 1919ರಲ್ಲಿ, ಓದು ಅರ್ಧಕ್ಕೆ ನಿಂತಿದ್ದ ಯುವ ಅಧಿಕಾರಿಗಳನ್ನು ನೌಕಾಪಡೆ ಆರು ತಿಂಗಳ ಕೋರ್ಸ್‌ಗೆಂದು ಕೇಂಬ್ರಿಜ್‌ಗೆ ಕಳಿಸಿತು. ಬ್ಲ್ಯಾಕೆಟ್ ಅಲ್ಲಿ ಕ್ಯಾವೆಂಡಿಶ್ ಪ್ರಯೋಗಾಲಯದ ಒಳಗೆ ಹೋಗಿ ನೋಡಿದರು. ಹೆಚ್ಚು ದಿನ ಯೋಚಿಸಲಿಲ್ಲ. ನೌಕಾಪಡೆಗೆ ರಾಜೀನಾಮೆ ಕೊಟ್ಟು ಭೌತವಿಜ್ಞಾನದ ವಿದ್ಯಾರ್ಥಿಯಾದರು.

ನಾಲ್ಕು ಲಕ್ಷ ಗೆರೆಗಳಲ್ಲಿ ಎಂಟು

ಆ ಪ್ರಯೋಗಾಲಯದ ಯಜಮಾನರು ಅರ್ನೆಸ್ಟ್ ರುದರ್‌ಫೋರ್ಡ್. ಸಾರಜನಕದ ಪರಮಾಣುವಿಗೆ ಆಲ್ಫಾ ಕಣ ಬಡಿದಾಗ ಏನೋ ಬದಲಾವಣೆ ಆಗುತ್ತದೆ ಎಂದು ಅವರು 1919ರಲ್ಲಿ ತೋರಿಸಿದ್ದರು. ಆದರೆ ಆ ಕ್ಷಣದಲ್ಲಿ ನಿಜವಾಗಿ ಏನಾಗುತ್ತದೆ ಎಂದು ಯಾರೂ ಕಣ್ಣಾರೆ ಕಂಡಿರಲಿಲ್ಲ. ಆ ಕೆಲಸ ಬ್ಲ್ಯಾಕೆಟ್ ಪಾಲಿಗೆ ಬಂತು.

ಕ್ಲೌಡ್ ಚೇಂಬರ್ ಎನ್ನುವುದು ತೇವದ ಗಾಳಿ ತುಂಬಿದ ಒಂದು ಪೆಟ್ಟಿಗೆ. ಅದರೊಳಗೆ ವಿದ್ಯುದಾವೇಶವಿರುವ ಕಣ ಹಾದುಹೋದರೆ, ಆಕಾಶದಲ್ಲಿ ಜೆಟ್ ವಿಮಾನ ಬಿಟ್ಟುಹೋಗುವ ಬಿಳಿ ಗೆರೆಯಂತೆ, ಹನಿಗಳ ಒಂದು ಗೆರೆ ಮೂಡುತ್ತದೆ. ಬ್ಲ್ಯಾಕೆಟ್ ಆ ಪೆಟ್ಟಿಗೆಯನ್ನು ತಾನಾಗಿಯೇ ಫೋಟೊ ತೆಗೆಯುವಂತೆ ಮಾಡಿ, 20,000ಕ್ಕೂ ಹೆಚ್ಚು ಫೋಟೊ ತೆಗೆದರು. ಅವುಗಳಲ್ಲಿ ಇದ್ದ ಗೆರೆಗಳು ನಾಲ್ಕು ಲಕ್ಷಕ್ಕೂ ಹೆಚ್ಚು. ಅಷ್ಟರಲ್ಲಿ ಬೇಕಾದ ರೀತಿಯಲ್ಲಿ ಕವಲೊಡೆದಿದ್ದ ಗೆರೆಗಳು ಎಂಟು ಮಾತ್ರ. ಆ ಎಂಟು ಗೆರೆಗಳು, ಸಾರಜನಕ ಆಮ್ಲಜನಕವಾಗಿ ಮಾರ್ಪಡುವ ಕ್ಷಣದ ಮೊದಲ ಚಿತ್ರಗಳು. 1925ರಲ್ಲಿ ಅವು ಪ್ರಕಟವಾದವು.

ಮುಂದೆ 1932ರಲ್ಲಿ ಇಟಲಿಯ ಜುಸೆಪ್ಪೆ ಒಕ್ಯಾಲಿನಿ ಅವರೊಂದಿಗೆ ಸೇರಿ, ಕಣ ಬಂದಾಗ ಮಾತ್ರ ಫೋಟೊ ತೆಗೆಯುವ ಜಾಣ ಪೆಟ್ಟಿಗೆ ಮಾಡಿದರು. ಕಣವೇ ತನ್ನ ಫೋಟೊ ತಾನು ತೆಗೆದುಕೊಂಡಂತೆ! ಪಾಸಿಟ್ರಾನ್ ಎಂಬ ಹೊಸ ಕಣದ ಗುರುತನ್ನು ಅಮೆರಿಕದ ಕಾರ್ಲ್ ಆಂಡರ್ಸನ್ ಮೊದಲು ಕಂಡಿದ್ದರು. ಬ್ಲ್ಯಾಕೆಟ್ ಮತ್ತು ಒಕ್ಯಾಲಿನಿ 1933ರಲ್ಲಿ ಅದನ್ನು ಗಟ್ಟಿ ಮಾಡಿದರು. ಈ ಸಾಲಿನ ಕೆಲಸಕ್ಕಾಗಿ 1948ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಬ್ಲ್ಯಾಕೆಟ್‌ಗೆ ಸಿಕ್ಕಿತು.

ಇಲ್ಲಿ ಒಂದು ಸ್ವಭಾವ ಗಮನಿಸಿ. ನಾಲ್ಕು ಲಕ್ಷದಲ್ಲಿ ಎಂಟನ್ನು ಹುಡುಕುವ ತಾಳ್ಮೆ, ಬೇಕಾದ ಉಪಕರಣ ಇಲ್ಲದಿದ್ದರೆ ತಾನೇ ಮಾಡಿಕೊಳ್ಳುವ ಕೈಚಳಕ. ಇವೆರಡೂ ಮುಂದೆ ಕಲ್ಲಿನ ವಿಷಯದಲ್ಲಿ ಕೆಲಸಕ್ಕೆ ಬಂದವು.

ಲೆಕ್ಕ ಹಾಕಿ ಯುದ್ಧ ಮಾಡುವುದು

ಎರಡನೇ ಮಹಾಯುದ್ಧ ಬಂದಾಗ ಬ್ಲ್ಯಾಕೆಟ್ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್. ಸರ್ಕಾರ ಅವರನ್ನು ಸೇನೆಯ ಕೆಲಸಕ್ಕೆ ಕರೆಯಿತು. ಅವರು ಹೊಸ ಬಾಂಬು ಕಂಡುಹಿಡಿಯಲು ಹೋಗಲಿಲ್ಲ, ಈಗಾಗಲೇ ಇರುವ ಆಯುಧಗಳನ್ನು ಹೇಗೆ ಬಳಸುತ್ತಿದ್ದಾರೆ ಎಂದು ಅಂಕಿಅಂಶ ಕೂಡಿಸತೊಡಗಿದರು.

1940ರ ಬೇಸಿಗೆಯಲ್ಲಿ ಒಂದು ಜರ್ಮನ್ ವಿಮಾನ ಉರುಳಿಸಲು ವಿಮಾನ ವಿರೋಧಿ ತೋಪುಗಳಿಂದ ಸರಾಸರಿ 20,000 ಗುಂಡು ಖರ್ಚಾಗುತ್ತಿತ್ತು. ರಾಡಾರ್ ಮತ್ತು ತೋಪಿನ ನಡುವಿನ ಲೆಕ್ಕಾಚಾರವನ್ನು ಸರಿಪಡಿಸುತ್ತ ಹೋದಾಗ ಮರುವರ್ಷ ಅದು ಸುಮಾರು 4,000ಕ್ಕೆ ಇಳಿಯಿತು. ಹಡಗುಗಳ ಗುಂಪು ದೊಡ್ಡದಾದಷ್ಟೂ ಜಲಾಂತರ್ಗಾಮಿಗಳಿಗೆ ಸುಲಭದ ಬೇಟೆ ಎಂದು ಎಲ್ಲರೂ ನಂಬಿದ್ದರು. ಬ್ಲ್ಯಾಕೆಟ್ ತಂಡ ಲೆಕ್ಕ ಹಾಕಿ, ದೊಡ್ಡ ಗುಂಪಿನಲ್ಲೇ ಕಳೆದುಹೋಗುವ ಹಡಗುಗಳ ಪ್ರಮಾಣ ಕಡಿಮೆ ಎಂದು ತೋರಿಸಿತು. ಆಪರೇಷನಲ್ ರಿಸರ್ಚ್ ಎಂದು ಇವತ್ತು ಕಾಲೇಜುಗಳಲ್ಲಿ ಕಲಿಸುವ ವಿಷಯ ಬೆಳೆದದ್ದು ಹೀಗೆ.

ಯುದ್ಧ ಮುಗಿದಾಗ ಬ್ರಿಟನ್ ತನ್ನದೇ ಅಣುಬಾಂಬು ಮಾಡಬಾರದು ಎಂದು ಸರ್ಕಾರಕ್ಕೆ ಸಲಹೆ ಕೊಟ್ಟರು. ಸರ್ಕಾರ ಕೇಳಲಿಲ್ಲ. 1948ರಲ್ಲಿ ಅಣುಶಕ್ತಿಯ ರಾಜಕೀಯದ ಬಗ್ಗೆ ಪುಸ್ತಕ ಬರೆದು ಟೀಕೆಗೂ ಗುರಿಯಾದರು. ಕೆಲವು ವರ್ಷ ಸರ್ಕಾರದ ಒಳವಲಯ ಅವರನ್ನು ದೂರವೇ ಇಟ್ಟಿತು. ಆದರೆ ದೆಹಲಿಯಲ್ಲಿ ಅವರಿಗೆ ಬಾಗಿಲು ತೆರೆದಿತ್ತು. 1947ರ ಜನವರಿಯಲ್ಲಿ ವಿಜ್ಞಾನ ಕಾಂಗ್ರೆಸ್‌ಗೆ ಬಂದಾಗ ನೆಹರೂ ಪರಿಚಯವಾಯಿತು. ಸ್ವತಂತ್ರ ಭಾರತದ ರಕ್ಷಣಾ ಸಂಶೋಧನೆ ಹೇಗಿರಬೇಕು ಎಂದು ನೆಹರೂ ಅವರ ಸಲಹೆ ಕೇಳಿದರು. ಅಲ್ಲಿಂದ ಮುಂದೆ ಅವರು ಭಾರತಕ್ಕೆ ಮತ್ತೆ ಮತ್ತೆ ಬಂದರು. ಹೋಮಿ ಭಾಭಾ ಅವರ ಸ್ನೇಹಿತರಾಗಿದ್ದರು.

1947: ಒಂದು ಚೆಂದದ ಸಿದ್ಧಾಂತ

ಅದೇ ವರ್ಷ ಬ್ಲ್ಯಾಕೆಟ್ ಭೂಮಿಯ ಕಾಂತತ್ವದ ಒಗಟಿಗೆ ಒಂದು ಉತ್ತರ ಮುಂದಿಟ್ಟರು. ತಿರುಗುವ ಯಾವುದೇ ಭಾರೀ ವಸ್ತು, ತಿರುಗುತ್ತಿರುವ ಕಾರಣಕ್ಕೇ ಅಯಸ್ಕಾಂತವಾಗುತ್ತದೆ ಎನ್ನುವುದು ಅದರ ಸಾರ. ಕಬ್ಬಿಣ ಬೇಕಿಲ್ಲ, ವಿದ್ಯುತ್ ಬೇಕಿಲ್ಲ, ತೂಕ ಮತ್ತು ತಿರುಗಾಟ ಇದ್ದರೆ ಸಾಕು. ಈ ಯೋಚನೆ ಪೂರ್ತಿ ಹೊಸದಲ್ಲ, ಅವರಿಗಿಂತ ಮೊದಲೂ ಕೆಲವರು ಸೂಚಿಸಿದ್ದರು. ಆದರೆ ಆಗಷ್ಟೇ ಕನ್ಯಾ ರಾಶಿಯ ಒಂದು ನಕ್ಷತ್ರದ ಕಾಂತಕ್ಷೇತ್ರವನ್ನು ಅಳೆದಿದ್ದರು. ಭೂಮಿ, ಸೂರ್ಯ, ಆ ನಕ್ಷತ್ರ, ಮೂರಕ್ಕೂ ಬ್ಲ್ಯಾಕೆಟ್ ಅವರ ಒಂದೇ ಸೂತ್ರ ಹೆಚ್ಚುಕಡಿಮೆ ಹೊಂದುತ್ತಿತ್ತು. ಗುರುತ್ವಾಕರ್ಷಣೆಗೂ ಕಾಂತತ್ವಕ್ಕೂ ನಂಟು ಸಿಕ್ಕಿತೇ ಎಂದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು.

ಮರುವರ್ಷವೇ ನೊಬೆಲ್ ಬಂತು. ನೊಬೆಲ್ ಪಡೆದವರು ಹೇಳಿದ ಮಾತು, ಮೂರು ಉದಾಹರಣೆಗೆ ಹೊಂದುವ ಸೂತ್ರ, ಪತ್ರಿಕೆಯ ತಲೆಬರಹ. ಇವತ್ತಾಗಿದ್ದರೆ ಇಷ್ಟು ಸಾಕಿತ್ತು, ಲಕ್ಷಾಂತರ ಫೋನ್‌ಗಳಿಗೆ ಹೋಗಿಬಿಡುತ್ತಿತ್ತು. ಬ್ಲ್ಯಾಕೆಟ್‌ಗೆ ಅಷ್ಟು ಸಾಕಾಗಲಿಲ್ಲ. ಸಿದ್ಧಾಂತ ನಿಜವಾದರೆ ಬೇರೆ ಏನೇನು ಕಾಣಬೇಕು ಎಂದು ಕೇಳಿಕೊಂಡರು. ಎರಡು ಪರೀಕ್ಷೆಗಳು ಸಿಕ್ಕವು.

ಮೊದಲನೆಯದು ಕಲ್ಲಿದ್ದಲು ಗಣಿಯಲ್ಲಿ. ಭೂಮಿಯ ಇಡೀ ಒಡಲೇ ತಿರುಗುವಿಕೆಯಿಂದ ಅಯಸ್ಕಾಂತವಾಗಿದ್ದರೆ, ಕೆಳಗೆ ಇಳಿದಂತೆ ಕಾಂತಕ್ಷೇತ್ರದ ಅಡ್ಡಭಾಗ ಕಡಿಮೆಯಾಗಬೇಕು. ಕ್ಷೇತ್ರದ ಮೂಲ ಎಲ್ಲೋ ಆಳದ ನಡುಭಾಗದಲ್ಲಿದ್ದರೆ, ಇಳಿದಂತೆ ಅದು ಹೆಚ್ಚಾಗಬೇಕು. ಮ್ಯಾಂಚೆಸ್ಟರ್‌ನ ಯುವ ವಿಜ್ಞಾನಿ ಕೀತ್ ರನ್‌ಕಾರ್ನ್ ಮತ್ತು ಸಂಗಡಿಗರು ಉಪಕರಣ ಹೊತ್ತು ಆಳದ ಗಣಿಗಳಿಗೆ ಇಳಿದರು. ಅಳತೆ ಬ್ಲ್ಯಾಕೆಟ್ ಅವರ ವಿರುದ್ಧ ಬಂತು.

ಹದಿನೈದು ಕಿಲೋ ಬಂಗಾರ

ಎರಡನೇ ಪರೀಕ್ಷೆಯನ್ನು ಬ್ಲ್ಯಾಕೆಟ್ ಸ್ವತಃ ಮಾಡಿದರು. ಭೂಮಿಯ ಜೊತೆಗೇ ಮೇಜಿನ ಮೇಲಿರುವ ವಸ್ತುವೂ ದಿನಕ್ಕೊಂದು ಸುತ್ತು ತಿರುಗುತ್ತಿದೆಯಲ್ಲವೇ? ಹಾಗಾದರೆ ಸಿದ್ಧಾಂತದ ಪ್ರಕಾರ ಆ ವಸ್ತುವಿಗೂ ಒಂದಿಷ್ಟು ಕಾಂತಕ್ಷೇತ್ರ ಇರಬೇಕು. ಅದನ್ನು ಅಳೆಯಲು ಭಾರವಾದ, ಆದರೆ ಅಯಸ್ಕಾಂತದ ಗುಣ ಇಲ್ಲದ ವಸ್ತು ಬೇಕು. ಅದಕ್ಕೆ ತಕ್ಕದ್ದು ಬಂಗಾರ. 10 ಸೆಂಟಿಮೀಟರ್ ಎತ್ತರ, 10 ಸೆಂಟಿಮೀಟರ್ ಅಗಲದ ಶುದ್ಧ ಬಂಗಾರದ ಉರುಳೆಯೊಂದನ್ನು ಸಾಲವಾಗಿ ತರಿಸಿದರು. ತೂಕ 15.2 ಕಿಲೋ.

ಆದರೆ ಕಾಣಬೇಕಾದ ಕ್ಷೇತ್ರ ಎಷ್ಟು ಸಣ್ಣದೆಂದರೆ, ಭೂಮಿಯ ಕಾಂತಕ್ಷೇತ್ರದ ಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆ. ಅದನ್ನು ಅಳೆಯುವ ಉಪಕರಣ ಎಲ್ಲೂ ಇರಲಿಲ್ಲ. ಬ್ಲ್ಯಾಕೆಟ್ ಮಾಡಿದರು. ಒಂದು ಸಣ್ಣ ಕಡ್ಡಿಯ ಎರಡು ತುದಿಗೆ ಎರಡು ಪುಟ್ಟ ಅಯಸ್ಕಾಂತ, ಒಂದರ ಮುಖ ಅತ್ತ, ಇನ್ನೊಂದರ ಮುಖ ಇತ್ತ. ಭೂಮಿಯ ಕ್ಷೇತ್ರ ಎರಡನ್ನೂ ವಿರುದ್ಧ ದಿಕ್ಕಿಗೆ ತಿರುಗಿಸಲು ನೋಡುವುದರಿಂದ ಅದರ ಪರಿಣಾಮ ಸೊನ್ನೆಯಾಗುತ್ತದೆ. ಪಕ್ಕದಲ್ಲಿಟ್ಟ ವಸ್ತು ಮಾತ್ರ ಹತ್ತಿರದ ಅಯಸ್ಕಾಂತವನ್ನು ಹೆಚ್ಚು, ದೂರದ್ದನ್ನು ಕಡಿಮೆ ಎಳೆಯುತ್ತದೆ. ಆಗ ತೆಳು ಎಳೆಯಲ್ಲಿ ತೂಗಿರುವ ಕಡ್ಡಿ ಒಂದಿಷ್ಟೇ ಇಷ್ಟು ತಿರುಗುತ್ತದೆ. ಕನ್ನಡಿ ಮತ್ತು ಬೆಳಕಿನ ಕಿರಣದಿಂದ ಆ ತಿರುಗುವಿಕೆಯನ್ನು ಓದಬಹುದು.

ಊರಿನಲ್ಲಿ ಟ್ರಾಮ್, ಮೋಟಾರು, ಕಬ್ಬಿಣದ ತೊಲೆ ಎಲ್ಲ ಅಡ್ಡಿ. ಅದಕ್ಕೇ ಮ್ಯಾಂಚೆಸ್ಟರ್‌ನಿಂದ ದೂರ, ಜೋಡ್ರೆಲ್ ಬ್ಯಾಂಕ್ ಎಂಬಲ್ಲಿ ಹೊಲದ ನಡುವೆ ಕಬ್ಬಿಣ ಬಳಸದೆ ಕಟ್ಟಿದ ಗುಡಿಸಲಿನಲ್ಲಿ ಉಪಕರಣ ಇಟ್ಟರು. ಮುಂದೆ ಜಗತ್ಪ್ರಸಿದ್ಧ ರೇಡಿಯೋ ದೂರದರ್ಶಕ ಎದ್ದು ನಿಂತದ್ದು ಅದೇ ಜಾಗದಲ್ಲಿ.

ಬಂಗಾರದ ಉರುಳೆ ಇಟ್ಟು, ತೆಗೆದು, ಮತ್ತೆ ಇಟ್ಟು ಅಳೆದರು. ಸಿದ್ಧಾಂತ ಹೇಳಿದ ಕ್ಷೇತ್ರದ ಸುಳಿವೇ ಇಲ್ಲ.

1952ರಲ್ಲಿ ಬ್ಲ್ಯಾಕೆಟ್ ಇದನ್ನು ದೀರ್ಘ ಪ್ರಬಂಧವಾಗಿ ಪ್ರಕಟಿಸಿದರು. ಪ್ರಯೋಗದ ಉತ್ತರ ಇಲ್ಲ ಎಂದೇ ಬಂದಿದೆ ಎಂಬುದನ್ನು ಒಳಗೆಲ್ಲೋ ಬಚ್ಚಿಡದೆ ಶೀರ್ಷಿಕೆಯಲ್ಲೇ ಹಾಕಿದರು. ಐದು ವರ್ಷ ಹೆಸರು ತಂದುಕೊಟ್ಟ ಸಿದ್ಧಾಂತವನ್ನು, ಅದನ್ನು ಕಟ್ಟಿದವರೇ ಬಿಟ್ಟುಕೊಟ್ಟರು. ಭೂಮಿಯ ಕಾಂತಕ್ಷೇತ್ರದ ಮೂಲ ಸುಮಾರು 2,900 ಕಿಲೋಮೀಟರ್ ಆಳದ ಕೆಳಗೆ ಸುತ್ತುತ್ತಿರುವ ಕರಗಿದ ಕಬ್ಬಿಣ, ಅದರಲ್ಲಿ ಹರಿಯುವ ವಿದ್ಯುತ್ತೇ ಡೈನಮೋದಂತೆ ಕ್ಷೇತ್ರ ಹುಟ್ಟಿಸುತ್ತದೆ ಎನ್ನುವ ವಿವರಣೆ ಇವತ್ತು ನಿಂತಿದೆ.

ಕಾದ ಕಲ್ಲಿನ ನೆನಪು

ಸಿದ್ಧಾಂತ ಹೋಯಿತು, ಉಪಕರಣ ಉಳಿಯಿತು. ಜಗತ್ತಿನ ಅತಿ ಸೂಕ್ಷ್ಮ ಕಾಂತಮಾಪಕಗಳಲ್ಲಿ ಒಂದು ಕೈಯಲ್ಲಿದೆ, ಅದರಿಂದ ಏನು ಅಳೆಯುವುದು? ಕಲ್ಲು.

ಜ್ವಾಲಾಮುಖಿಯಿಂದ ಲಾವಾ ಉಕ್ಕುವಾಗ ಅದರ ಬಿಸಿ ಸುಮಾರು 1,100 ಡಿಗ್ರಿ. ಅದರಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜದ ಸಣ್ಣ ಸಣ್ಣ ಕಣಗಳು ರೂಪುಗೊಳ್ಳುತ್ತವೆ. ಇದರ ಕ್ಯೂರಿ ತಾಪಮಾನ 580 ಡಿಗ್ರಿ. ಲಾವಾ ಕಲ್ಲಾಗಿ ತಣಿಯುತ್ತ ಆ ಹಂತ ದಾಟಿ ಇಳಿಯುವಾಗ, ಆ ಹೊತ್ತಿಗೆ ಆ ಜಾಗದಲ್ಲಿ ಭೂಮಿಯ ಕಾಂತಕ್ಷೇತ್ರ ಯಾವ ದಿಕ್ಕಿಗಿದೆಯೋ ಅದೇ ದಿಕ್ಕಿಗೆ ಕಣಗಳ ಕಾಂತತ್ವ ತಿರುಗಿ ನಿಲ್ಲುತ್ತದೆ. ಇನ್ನೂ ತಣಿದಾಗ ಹಾಗೇ ಬಿಗಿದುಹೋಗುತ್ತದೆ. ಕೋಟಿ ವರ್ಷ ಕಳೆದರೂ ಮತ್ತೆ ಅಷ್ಟು ಬಿಸಿಯಾಗದಿದ್ದರೆ ಆ ನೆನಪು ಉಳಿಯಬಲ್ಲದು. ಅಂದರೆ ಪ್ರತಿ ಲಾವಾ ಪದರವೂ ನಿಂತುಹೋದ ಒಂದು ದಿಕ್ಸೂಚಿ. ಬೆಂದ ಇಟ್ಟಿಗೆ, ಮಡಕೆಯ ಚೂರು, ಒಲೆಯ ತಳದ ಸುಟ್ಟ ಮಣ್ಣಿಗೂ ಇದೇ ನಿಯಮ.

ಈ ದಿಕ್ಸೂಚಿ ಎರಡು ವಿಷಯ ಹೇಳುತ್ತದೆ. ಒಂದು, ಉತ್ತರ ಯಾವ ಕಡೆ ಎಂದು. ಇನ್ನೊಂದು, ಎಷ್ಟು ಬಾಗಿದೆ ಎಂದು. ಕಾಂತೀಯ ಮಧ್ಯರೇಖೆಯಲ್ಲಿ ಕಾಂತದ ಮುಳ್ಳು ನೆಲಕ್ಕೆ ಸಮನಾಗಿ ಅಡ್ಡ ನಿಲ್ಲುತ್ತದೆ. ನಮ್ಮ ದಕ್ಷಿಣ ಭಾರತದ ತುದಿಯ ಹತ್ತಿರ ಹೆಚ್ಚುಕಡಿಮೆ ಹೀಗೇ ಇದೆ. ಧ್ರುವದ ಕಡೆಗೆ ಹೋದಂತೆ ಬಾಗುತ್ತ ಹೋಗಿ ಧ್ರುವದಲ್ಲಿ ನೆಟ್ಟಗೆ ಕೆಳಗೆ ಇಳಿಯುತ್ತದೆ. ಸರಳ ಲೆಕ್ಕದಲ್ಲಿ 30 ಡಿಗ್ರಿ ಅಕ್ಷಾಂಶಕ್ಕೆ ಬಾಗುವಿಕೆ ಸುಮಾರು 49 ಡಿಗ್ರಿ. ಹಾಗಾಗಿ ಕಲ್ಲಿನೊಳಗಿನ ಬಾಗುವಿಕೆ ಅಳೆದರೆ, ಆ ಕಲ್ಲು ತಣಿದಾಗ ಯಾವ ಅಕ್ಷಾಂಶದಲ್ಲಿತ್ತು ಎಂದು ತಿಳಿಯುತ್ತದೆ.

ಇದು ಹೇಳಿದಷ್ಟು ಸುಲಭವಲ್ಲ. ಬಂಡೆಯಿಂದ ಚೂರು ಕೀಳುವ ಮೊದಲೇ ಅದರ ಮೇಲೆ ಉತ್ತರ ಯಾವುದು, ಮೇಲು ಯಾವುದು ಎಂದು ಗುರುತು ಹಾಕಬೇಕು. ಸಿಡಿಲು ಬಡಿದರೆ ಹಳೆಯ ನೆನಪು ಕೆಡುತ್ತದೆ. ಆಮೇಲಿನ ಕಾಲದ ಕಾಂತತ್ವವೂ ಮೇಲೆ ಅಂಟಿಕೊಂಡಿರುತ್ತದೆ. ಅದನ್ನು ತೊಳೆಯಲು ಕಲ್ಲನ್ನು ಕಾಂತಕ್ಷೇತ್ರ ಇಲ್ಲದ ಕುಲುಮೆಯಲ್ಲಿ ಹಂತಹಂತವಾಗಿ ಕಾಯಿಸಿ ತಣಿಸುವ ವಿಧಾನ ಇದೆ. ಪ್ರತಿ ಹಂತದಲ್ಲೂ ಅಂಟಿಕೊಂಡ ನೆನಪು ಒಂದಿಷ್ಟು ಅಳಿದು, ಗಟ್ಟಿಯಾದ ಹಳೆಯದು ಉಳಿಯುತ್ತದೆ. ಫ್ರಾನ್ಸಿನ ಎಮಿಲ್ ಟೆಲ್ಲಿಯೆ ಮತ್ತು ಅವರ ಪತ್ನಿ ಒಡೆಟ್ ಟೆಲ್ಲಿಯೆ ಇದೇ ಕಾಯಿಸುವ ದಾರಿಯಲ್ಲಿ ಹಳೆಯ ಕ್ಷೇತ್ರ ಎಷ್ಟು ಬಲವಾಗಿತ್ತು ಎಂದೂ ಅಳೆದರು. ಹಂತಹಂತವಾಗಿ ಕಾಯಿಸಿದಾಗ ಕಲ್ಲು ಕಳೆದುಕೊಂಡ ಹಳೆಯ ಕಾಂತತ್ವ ಎಷ್ಟು, ಗೊತ್ತಿರುವ ಕ್ಷೇತ್ರದಲ್ಲಿ ತಣಿಸಿದಾಗ ಪಡೆದ ಹೊಸ ಕಾಂತತ್ವ ಎಷ್ಟು ಎಂದು ಹೋಲಿಸುವುದೇ ಅವರ ಉಪಾಯ.

ಭಾರತ ಎಲ್ಲಿತ್ತು?

ಜರ್ಮನಿಯ ಆಲ್ಫ್ರೆಡ್ ವೆಗೆನರ್ 1912ರಲ್ಲೇ ಖಂಡಗಳು ಸರಿದಾಡುತ್ತವೆ ಎಂದಿದ್ದರು. ಬಹಳಷ್ಟು ಭೂವಿಜ್ಞಾನಿಗಳು ಒಪ್ಪಿರಲಿಲ್ಲ. ವೆಗೆನರ್ 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ತೀರಿಕೊಂಡರು. 1950ರ ಹೊತ್ತಿಗೂ ಆ ಯೋಚನೆ ಮೂಲೆಯಲ್ಲೇ ಇತ್ತು.

ಬ್ಲ್ಯಾಕೆಟ್ 1953ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಬಂದರು. ಅವರ ಸಹೋದ್ಯೋಗಿ ಜಾನ್ ಕ್ಲೆಗ್ ಮತ್ತು ತಂಡ ಇಂಗ್ಲೆಂಡಿನ ಕೆಂಪು ಮರಳುಗಲ್ಲುಗಳನ್ನು ಅಳೆದು 1954ರಲ್ಲಿ ಫಲಿತಾಂಶ ಕೊಟ್ಟಿತು. ಇವು ಲಾವಾ ಅಲ್ಲ, ನೀರಿನಲ್ಲಿ ಶೇಖರವಾದ ಕಲ್ಲುಗಳು. ಆದರೆ ಅವುಗಳಲ್ಲಿದ್ದ ಕಬ್ಬಿಣದ ಕೆಂಪು ಖನಿಜವೂ ಹಳೆಯ ದಿಕ್ಕನ್ನು ಹಿಡಿದಿಟ್ಟಿತ್ತು. ಇಂಗ್ಲೆಂಡ್ ಅಂದಿನಿಂದ ಸುಮಾರು 34 ಡಿಗ್ರಿ ತಿರುಗಿದೆ, ಮೊದಲು ಭೂಮಧ್ಯರೇಖೆಗೆ ಇನ್ನೂ ಹತ್ತಿರವಿತ್ತು ಎಂದು ಅವು ಹೇಳಿದವು.

ಒಂದೇ ದೇಶದ ಸಾಕ್ಷಿ ಸಾಲದು. ಇಂಗ್ಲೆಂಡ್ ಸರಿಯಿತೋ, ಇಡೀ ಭೂಮಿಯ ಧ್ರುವವೇ ಸರಿಯಿತೋ ಎಂದು ಹೇಗೆ ಹೇಳುವುದು? ಬೇರೆ ಖಂಡದ ಕಲ್ಲು ಬೇಕು. ಆಗ ಎಲ್ಲರ ಕಣ್ಣು ಬಿದ್ದದ್ದು ಭಾರತದ ದಖ್ಖನ್ ಮೇಲೆ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ ಪದರಪದರವಾಗಿ ಹರಡಿ ನಿಂತ ಪ್ರದೇಶ ಇದು. ಮಹಾರಾಷ್ಟ್ರದ ಬಹುಭಾಗವನ್ನು ಆವರಿಸಿ, ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಗೂ ಚಾಚಿದೆ. ಗೋಲ ಗುಮ್ಮಟದ ಕಪ್ಪು ಬೂದು ಕಲ್ಲು ಈ ಲಾವಾದ್ದೇ. ಉತ್ತರ ಕರ್ನಾಟಕದ ಎರೆ ಮಣ್ಣಿನ ಬಹುಪಾಲು ಹುಟ್ಟಿದ್ದೂ ಇಂಥ ಕಲ್ಲು ಸವೆದು. ಹಾಗಂತ ಗುಮ್ಮಟದ ಗೋಡೆಗೆ ಉಪಕರಣ ಹಿಡಿದರೆ ಉತ್ತರ ಸಿಗದು. ಗಣಿಯಿಂದ ಕಿತ್ತು ಕೆತ್ತಿ ಕೂರಿಸಿದ ಕಲ್ಲಿಗೆ ಮೂಲ ದಿಕ್ಕು ಯಾವುದೆಂದೇ ಗೊತ್ತಾಗುವುದಿಲ್ಲ. ನೆಲದಲ್ಲಿ ಅಲುಗದೆ ಕುಳಿತ ಬಂಡೆಯೇ ಬೇಕು.

ಕೇಂಬ್ರಿಜ್‌ನಲ್ಲಿ ಎಡ್ವರ್ಡ್ ಅರ್ವಿಂಗ್ ಎಂಬ ಯುವಕ ಇದಕ್ಕೂ ಮೊದಲೇ ದಖ್ಖನ್ನಿನ ಕಲ್ಲು ತರಿಸಿ ಅಳೆದು, ಭಾರತ ದಕ್ಷಿಣದಿಂದ ಬಂದಿದೆ ಎಂದು ಕಂಡುಕೊಂಡಿದ್ದರು. ಅವರು ಬಳಸಿದ ಕಾಂತಮಾಪಕವೂ ಬ್ಲ್ಯಾಕೆಟ್ ಮಾದರಿಯದೇ. ಆದರೆ 1954ರಲ್ಲಿ ಅವರ ಪ್ರಬಂಧಕ್ಕೆ ಕೇಂಬ್ರಿಜ್ ಪಿಎಚ್‌ಡಿ ಕೊಡಲಿಲ್ಲ! 1956ರಲ್ಲಿ ಬ್ಲ್ಯಾಕೆಟ್ ಬಳಗದ ಕ್ಲೆಗ್ ಮತ್ತು ಸಂಗಡಿಗರು ದಖ್ಖನ್ ಕಲ್ಲುಗಳ ವಿವರವಾದ ಅಳತೆ ಪ್ರಕಟಿಸಿದರು. ಅಲ್ಲೂ ಅದೇ ಉತ್ತರ.

ಈಗ ಉತ್ತರ ಗೋಲಾರ್ಧದಲ್ಲಿರುವ ಈ ಕಲ್ಲುಗಳೊಳಗಿನ ಬಾಗುವಿಕೆ, ಅವು ತಣಿದದ್ದು ದಕ್ಷಿಣ ಗೋಲಾರ್ಧದಲ್ಲಿ, ಹೆಚ್ಚುಕಡಿಮೆ 30 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ ಎಂದು ತೋರಿಸಿತು. ಅಂದರೆ ಭಾರತ ಅಲ್ಲಿಂದ ಇಲ್ಲಿಗೆ ಸುಮಾರು 5,000 ಕಿಲೋಮೀಟರ್ ಉತ್ತರಕ್ಕೆ ಬಂದಿದೆ, ಬರುವಾಗ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಒಂದಿಷ್ಟು ತಿರುಗಿಯೂ ಇದೆ. ಇಂಗ್ಲೆಂಡ್ ಒಂದು ರೀತಿ, ಭಾರತ ಇನ್ನೊಂದು ರೀತಿ ಸರಿದಿದೆ ಎಂದಮೇಲೆ ಧ್ರುವವೊಂದೇ ಸರಿಯಿತು ಎನ್ನುವ ವಿವರಣೆ ಸಾಲದಾಯಿತು. ಸರಿದದ್ದು ಖಂಡಗಳು.

ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲೂ ಈ ಕೆಲಸ ಬೇರು ಬಿಟ್ಟಿತು. ಅಲ್ಲಿನ ಸಿ. ರಾಧಾಕೃಷ್ಣಮೂರ್ತಿ ಮತ್ತು ಪಿ. ಡಬ್ಲ್ಯೂ. ಸಹಸ್ರಬುದ್ಧೆ, ಕ್ಲೆಗ್ ಜೊತೆಗೂಡಿ ಈಗಿನ ಜಾರ್ಖಂಡ್‌ನ ರಾಜಮಹಲ್ ಬೆಟ್ಟಗಳ ಇನ್ನೂ ಹಳೆಯ ಲಾವಾ ಅಳೆದು 1958ರಲ್ಲಿ ಪ್ರಕಟಿಸಿದರು. ಅದೂ ದಕ್ಷಿಣದ ಕಡೆಗೇ ಬೆರಳು ತೋರಿಸಿತು.

ಬ್ಲ್ಯಾಕೆಟ್ 1956ರಲ್ಲಿ ಕಲ್ಲಿನ ಕಾಂತತ್ವದ ಬಗ್ಗೆ ಉಪನ್ಯಾಸಗಳ ಪುಸ್ತಕ ತಂದರು. 1964ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಖಂಡಗಳ ಚಲನೆಯ ಬಗ್ಗೆ ನಡೆಸಿದ ಸಭೆಯ ಹಿಂದೆ ನಿಂತವರಲ್ಲಿ ಅವರೂ ಒಬ್ಬರು. ಅಷ್ಟರಲ್ಲಿ ಸಮುದ್ರದ ತಳದ ಲಾವಾದಲ್ಲಿ ಕಾಂತತ್ವದ ಪಟ್ಟೆಗಳು ಸಿಕ್ಕಿದ್ದವು, ದಶಕ ಮುಗಿಯುವ ಹೊತ್ತಿಗೆ ಹಳೆಯ ಅನುಮಾನ ಬಹುಮಟ್ಟಿಗೆ ಕರಗಿತ್ತು. 1965ರಿಂದ 1970ರವರೆಗೆ ಅವರು ಅದೇ ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದರು. 1974ರ ಜುಲೈ 13ರಂದು ತೀರಿಕೊಂಡರು.

ಇನ್ನು ಆ ಫಾರ್ವರ್ಡ್‌ಗಳಿಗೆ ಉತ್ತರ

*ಉತ್ತರಕ್ಕೆ ತಲೆ ಹಾಕಿದರೆ ರಕ್ತದ ಕಬ್ಬಿಣ ಎಳೆಯುತ್ತದೆಯೇ?* ಇಲ್ಲ. ರಕ್ತದ ಕಬ್ಬಿಣ ಮೊಳೆಯ ಕಬ್ಬಿಣದಂತಲ್ಲ. ಅದು ಹಿಮೋಗ್ಲೋಬಿನ್‌ನಲ್ಲಿ ಬಿಡಿಬಿಡಿ ಪರಮಾಣುವಾಗಿ ಕೂತಿದೆ, ಅಯಸ್ಕಾಂತಕ್ಕೆ ಅಂಟುವ ಗುಣ ಅದಕ್ಕಿಲ್ಲ. ಆಸ್ಪತ್ರೆಯ ಎಂಆರ್‌ಐ ಯಂತ್ರದ ಕ್ಷೇತ್ರ ಭೂಮಿಯದಕ್ಕಿಂತ ಸುಮಾರು 30,000 ಪಟ್ಟು ಹೆಚ್ಚು. ಅದರೊಳಗೆ ಮಲಗಿದವರ ರಕ್ತವೇ ಒಂದು ಕಡೆ ಹೋಗಿ ನಿಲ್ಲುವುದಿಲ್ಲ. ಮನೆಯ ಹಿರಿಯರ ಪದ್ಧತಿ ಪಾಲಿಸುವುದು ಬಿಡುವುದು ನಿಮ್ಮಿಷ್ಟ, ಆದರೆ ಅದಕ್ಕೆ ಅಯಸ್ಕಾಂತದ ಕಾರಣ ಹೊಂದುವುದಿಲ್ಲ.

*ಧ್ರುವಗಳು ಅದಲುಬದಲಾಗುತ್ತವೆಯೇ?* ಆಗಿವೆ, ನೂರಾರು ಸಲ. ಫ್ರಾನ್ಸಿನ ಬರ್ನಾರ್ಡ್ ಬ್ರೂನ್ 1906ರಲ್ಲಿ, ಲಾವಾದ ಬಿಸಿಗೆ ಬೆಂದ ಜೇಡಿಮಣ್ಣಿನಲ್ಲಿ ತಲೆಕೆಳಗಾದ ಕಾಂತತ್ವವನ್ನು ವರದಿ ಮಾಡಿದರು. ಜಪಾನಿನ ಮೊಟೊನೊರಿ ಮಟುಯಾಮಾ 1929ರಲ್ಲಿ ಅದಕ್ಕೆ ಕಾಲದ ಲೆಕ್ಕ ಸೇರಿಸಿದರು. ಕೊನೆಯ ಪೂರ್ತಿ ಅದಲುಬದಲು ಆದದ್ದು ಸುಮಾರು 7.8 ಲಕ್ಷ ವರ್ಷಗಳ ಹಿಂದೆ. ಒಂದು ರಾತ್ರಿಯಲ್ಲಿ ಆಗುವ ಕೆಲಸ ಅಲ್ಲ, ಸಾವಿರಾರು ವರ್ಷ ಹಿಡಿಯುತ್ತದೆ. ನಮ್ಮ ಪೂರ್ವಜರು ಅದನ್ನು ದಾಟಿಯೇ ಬಂದಿದ್ದಾರೆ. ನಾಳೆ ಮೊಬೈಲ್ ಆಫ್ ಮಾಡಿ ಎನ್ನುವ ಸಂದೇಶಕ್ಕೆ ಆಧಾರವಿಲ್ಲ.

*ಭೂಮಿಯ ನಡುವಿನ ಅಯಸ್ಕಾಂತದ ಶಕ್ತಿ ಮುಗಿಯುತ್ತಿದೆಯೇ?* ಅಲ್ಲಿ ಮುಗಿಯುವಂಥ ದಂಡವೇ ಇಲ್ಲ, ಇರುವುದು ಹರಿಯುವ ಕಬ್ಬಿಣ. ಕ್ಷೇತ್ರದ ಬಲ ಏರುತ್ತ ಇಳಿಯುತ್ತ ಬಂದಿದೆ, ಮತ್ತೆ ಮತ್ತೆ ಚೇತರಿಸಿಕೊಂಡಿದೆ ಎಂದು ಹಳೆಯ ಇಟ್ಟಿಗೆ, ಮಡಕೆ, ಲಾವಾಗಳೇ ಹೇಳುತ್ತವೆ.

ಮುಂದಿನ ಸಲ ವಿಜ್ಞಾನದ ಹೆಸರಿನಲ್ಲಿ ಒಂದು ಸಂದೇಶ ಬಂದರೆ, ಕಳಿಸುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಸುಳ್ಳಾಗಿದ್ದರೆ ಹೇಗೆ ಗೊತ್ತಾಗುತ್ತದೆ? ನೊಬೆಲ್ ಪಡೆದವರೊಬ್ಬರು ತಮ್ಮದೇ ಮಾತಿಗೆ ಈ ಪ್ರಶ್ನೆ ಕೇಳಿ, ಹದಿನೈದು ಕಿಲೋ ಬಂಗಾರ ಸಾಲ ತಂದು, ಹೊಲದ ನಡುವಿನ ಗುಡಿಸಲಿನಲ್ಲಿ ಕೂತು ಉತ್ತರ ಹುಡುಕಿದರು. ನಮಗೆ ಅಷ್ಟೆಲ್ಲ ಖರ್ಚಿಲ್ಲ, ಬೆರಳನ್ನು ಎರಡು ನಿಮಿಷ ತಡೆದರೆ ಸಾಕು.